ಜರ್ಮನಿಯ ನರ್ಸ್ ಕೆಲಸವೋ, ಮಿಷನ್ ಆಸ್ಪತ್ರೆಯೋ? ದೇವರ ಕರೆ ಅಂತ ತಿಳಿಯುವುದು ಹೇಗೆ?

ರಾತ್ರಿಪಾಳಿ:
ಎಲ್ಲರಿಗೂ ವಂದನೆ. ನಾನು ಸ್ಟಾಫ್ ನರ್ಸ್. ಉತ್ತರ ಕರ್ನಾಟಕದ ಸಣ್ಣ ಊರೊಂದರ ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡ್ ನೋಡಿಕೊಳ್ಳುತ್ತೇನೆ. ಬಿಎಸ್ಸಿ ನರ್ಸಿಂಗ್ ಓದಿದ್ದೇನೆ. ಡ್ಯೂಟಿ ಮುಗಿಸಿ ಬಂದು ಆನ್‌ಲೈನ್ ಕ್ಲಾಸಿನಲ್ಲಿ ಜರ್ಮನ್ ಕಲಿತು ಬಿ2 ಮಟ್ಟದ ಭಾಷಾ ಪರೀಕ್ಷೆ ಪಾಸು ಮಾಡಿದೆ. ಈಗ ಅಲ್ಲಿನ ಆಸ್ಪತ್ರೆಯೊಂದರಿಂದ ಆಫರ್ ಬಂದಿದೆ. ಇಲ್ಲಿ ಕೈಗೆ ಬರುವುದು ತಿಂಗಳಿಗೆ 18,000. ಅಲ್ಲಿಯದು ಅದರ ಎಷ್ಟೋ ಪಟ್ಟು. ನನ್ನ ಓದಿನ ಸಾಲ ಇನ್ನೂ ತೀರಿಲ್ಲ. ತಮ್ಮ ಡಿಪ್ಲೊಮಾ ಓದುತ್ತಿದ್ದಾನೆ. ಅಪ್ಪನಿಗೆ ಶುಗರ್, ಮೊದಲಿನ ಹಾಗೆ ದುಡಿಯಲು ಆಗುವುದಿಲ್ಲ.

ಇಷ್ಟೇ ಆಗಿದ್ದರೆ ನಾನು ಇಲ್ಲಿ ಬರೆಯುತ್ತಲೇ ಇರಲಿಲ್ಲ, ಟಿಕೆಟ್ ಬುಕ್ ಮಾಡುತ್ತಿದ್ದೆ. ಆದರೆ ನಮ್ಮ ಆಸ್ಪತ್ರೆಗೆ ಸೇರಿದ ನರ್ಸಿಂಗ್ ಸ್ಕೂಲಿನಲ್ಲಿ ಟ್ಯೂಟರ್‌ಗಳು ಒಬ್ಬರ ಹಿಂದೆ ಒಬ್ಬರು ಹೊರದೇಶಕ್ಕೆ ಹೋದರು. ಈಗ ಕಲಿಸುವವರು ಇಲ್ಲ. ಹೊಸ ಬ್ಯಾಚಿಗೆ ಅಡ್ಮಿಷನ್ ಮಾಡಬೇಕೋ ಬೇಡವೋ ಅನ್ನುವ ಮಟ್ಟಕ್ಕೆ ಬಂದಿದೆ. ಬರುವ ಹುಡುಗಿಯರೆಲ್ಲ ಸುತ್ತಲಿನ ಹಳ್ಳಿಯವರು, ಹೆಚ್ಚಿನವರು ಅವರ ಮನೆಯಲ್ಲಿ ಪಿಯುಸಿ ಮುಗಿಸಿದ ಮೊದಲನೆಯವರು. ನಮ್ಮ ಮೇಡಂ ಕರೆದು ಟ್ಯೂಟರ್ ಆಗಿ ಇರ್ತೀಯಾ ಅಂತ ಕೇಳಿದರು. ಒತ್ತಾಯ ಮಾಡಲಿಲ್ಲ. ಆದರೆ ಅವತ್ತಿನಿಂದ ಪ್ರಾರ್ಥನೆಗೆ ಕೂತಾಗಲೆಲ್ಲ ಅದೇ ಮನಸ್ಸಿಗೆ ಬರುತ್ತದೆ. ಬಲವಾಗಿ ಬರುತ್ತದೆ. ಇದು ದೇವರ ಕರೆ ಅಂತಲೇ ನನಗೆ ಅನಿಸುತ್ತಿದೆ.

ಅಮ್ಮ ಹೇಳುವುದು, ಜರ್ಮನಿಯ ಬಾಗಿಲು ತೆರೆದದ್ದೂ ದೇವರೇ ಅಲ್ವಾ, ಇಷ್ಟು ವರ್ಷ ಮೊಣಕಾಲೂರಿ ಬೇಡಿದ್ದು ಇದಕ್ಕೇ ಅಲ್ವಾ ಅಂತ. ಅವರ ಮಾತನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. ಕರೆ ಯಾವುದು, ನನ್ನ ಆಸೆ ಯಾವುದು, ಬರೀ ಸಂಕೋಚ ಯಾವುದು ಅಂತ ನೀವು ಹೇಗೆ ಬೇರೆ ಮಾಡಿ ನೋಡುತ್ತೀರಿ? ತಿಂಗಳ ಕೊನೆಗೆ ಉತ್ತರ ಕೊಡಬೇಕು.

ಸಂಡೇಸ್ಕೂಲ್ ಟೀಚರ್:
ಮತ್ತಾಯ 6:33. ಮೊದಲು ದೇವರ ರಾಜ್ಯ, ಉಳಿದದ್ದು ಆಮೇಲೆ ಕೂಡಿಬರುತ್ತದೆ. ಇದರಲ್ಲಿ ಎರಡು ಮಾತಿಲ್ಲ ತಂಗಿ. ನಿನಗಾಗಿ ಪ್ರಾರ್ಥಿಸುತ್ತೇನೆ.

ಮಲ್ನಾಡ್ ಮಳೆ:
ಟೀಚರ್, ವಚನ ಸರಿ, ಆದರೆ ಬ್ಯಾಂಕಿನವರು ಇಎಂಐ ಬದಲು ವಚನ ತಗೊಳ್ಳುವುದಿಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹೋಗಿ. ನಾಲ್ಕೈದು ವರ್ಷ ದುಡಿಯಿರಿ, ಸಾಲ ತೀರಿಸಿ, ತಮ್ಮನ ಓದು ಮುಗಿಸಿ. ದಶಮಾಂಶವನ್ನು, ಅಂದರೆ ದೇವರಿಗೆ ಅಂತ ಕೊಡುವ ಹತ್ತರಲ್ಲೊಂದು ಪಾಲನ್ನು, ಅದೇ ನರ್ಸಿಂಗ್ ಸ್ಕೂಲಿಗೆ ಕಳಿಸಿ. ಆ ದುಡ್ಡಲ್ಲಿ ಅವರು ಒಬ್ಬ ಟ್ಯೂಟರ್‌ಗೆ ಸಂಬಳ ಕೊಡಬಹುದು. ಇದೂ ಸೇವೆಯೇ. 1 ತಿಮೊಥೆ 5:8 ಓದಿ, ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅಂತ ಪೌಲನೇ ಬರೆದಿದ್ದಾನೆ.

ಲೂಕ ಒಂಬತ್ತು:
@ಮಲ್ನಾಡ್ ಮಳೆ, ಸಂಬಳ ಕೊಟ್ಟರೂ ಟ್ಯೂಟರ್ ಎಲ್ಲಿಂದ ಬರುತ್ತಾರೆ ಬ್ರದರ್? ಎಲ್ಲರೂ ಹೀಗೇ ಹಣ ಕಳಿಸುತ್ತೇವೆ ಅಂದರೆ ಕಲಿಸಲು ನಿಲ್ಲುವವರು ಯಾರು? ನೇಗಿಲಿಗೆ ಕೈಹಾಕಿ ಹಿಂದಕ್ಕೆ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ ಅಂತ ಕರ್ತನು ಹೇಳಿದ್ದು. "ಮೊದಲು ಮನೆಯವರಿಗೆ ಹೇಳಿ ಬರುತ್ತೇನೆ" ಅಂದವನಿಗೇ ಆ ಉತ್ತರ ಸಿಕ್ಕಿತು. ಪೌಲನ ಜೊತೆಗಿದ್ದ ದೇಮ ಈ ಲೋಕದ ಮೇಲಿನ ಪ್ರೀತಿಗೆ ಬಿಟ್ಟುಹೋದ. ಇವತ್ತು ನಮ್ಮ ಸಭೆಗಳಲ್ಲಿ ದೇಮನೇ ಮಾದರಿ ಆಗಿಬಿಟ್ಟಿದ್ದಾನೆ, ಸಾಕ್ಷಿ ಹೇಳುವಾಗ ವೀಸಾ ಬಂದದ್ದೇ ದೊಡ್ಡ ಆಶೀರ್ವಾದ.

ಜೋಳದ ರೊಟ್ಟಿ:
ಅಣ್ಣಾ, ಲೂಕ 9 ಓದಿದ್ದೀರಿ, ಒಳ್ಳೆಯದು. 1 ಅರಸುಗಳು 19ನೂ ಓದಿ. ಹೊಲ ಉಳುತ್ತಿದ್ದ ಎಲೀಷನನ್ನು ಕರೆಯಲು ಪ್ರವಾದಿ ಎಲೀಯನು ಅವನ ಮೇಲೆ ಕಂಬಳಿ ಹಾಕಿದಾಗ ಎಲೀಷ ಏನಂದ? ಅಪ್ಪ ಅಮ್ಮನಿಗೆ ಮುದ್ದಿಟ್ಟು ಬರುತ್ತೇನೆ ಅಂದ. ಎಲೀಯ ಬೇಡ ಅನ್ನಲಿಲ್ಲ. ಎಲೀಷ ಎತ್ತು ಕೊಯ್ದು, ನೇಗಿಲಿನ ಕಟ್ಟಿಗೆಯಲ್ಲೇ ಬೇಯಿಸಿ, ಜನರಿಗೆ ಊಟ ಹಾಕಿ ಹೊರಟ.

ಮಾರ್ಕ 1ನ್ನೂ ನಿಧಾನಕ್ಕೆ ಓದಿ. ಯಾಕೋಬ ಯೋಹಾನರು ತಂದೆ ಜೆಬೆದಾಯನನ್ನು ದೋಣಿಯಲ್ಲಿ ಬಿಟ್ಟು ಹೋದರು, ಸರಿ. ಆದರೆ "ಕೂಲಿಯಾಳುಗಳ ಸಂಗಡ" ಬಿಟ್ಟರು ಅಂತ ಇದೆ. ಮುದುಕ ಒಂಟಿಯಾಗಲಿಲ್ಲ, ಬಲೆ ಎಳೆಯುವವರು ಇದ್ದರು. ಅದೇ ಅಧ್ಯಾಯದಲ್ಲಿ, ಪೇತ್ರನನ್ನು ಕರೆದ ಸ್ವಲ್ಪ ಹೊತ್ತಿನಲ್ಲೇ, ಯೇಸು ಅವನ ಮನೆಗೆ ಹೋಗಿ ಜ್ವರದಲ್ಲಿದ್ದ ಅತ್ತೆಯನ್ನು ಎಬ್ಬಿಸುತ್ತಾನೆ. ಕರೆದವನು ಕರೆಸಿಕೊಂಡವನ ಮನೆಯನ್ನು ಮರೆಯಲಿಲ್ಲ ರೀ. ಸುಮ್ನೆ ಒಂದು ವಚನ ಎತ್ತಿ ಹುಡುಗಿಯ ತಲೆಗೆ ಹೊಡೆಯಬೇಡಿ.

ಲೂಕ ಒಂಬತ್ತು:
ಹೊಡೆಯುತ್ತಿಲ್ಲ. ಎಲೀಷ ಎತ್ತನ್ನೂ ನೇಗಿಲನ್ನೂ ಉಳಿಸಿಕೊಳ್ಳಲಿಲ್ಲ ಅನ್ನುವುದನ್ನೂ ನೋಡಿ. ವಾಪಸ್ ಬರಲು ಏನೂ ಇಟ್ಟುಕೊಳ್ಳಲಿಲ್ಲ. ನಾಲ್ಕು ವರ್ಷ ಆದಮೇಲೆ ಬರುತ್ತೇನೆ ಅಂತ ಹೋದವರಲ್ಲಿ ಎಷ್ಟು ಜನ ಬಂದರು? ನಿಮ್ಮ ಊರಲ್ಲೇ ವಿಚಾರಿಸಿ.

ಮಾಜಿ ಮೇಟ್ರನ್:
ಮಗಾ ರಾತ್ರಿಪಾಳಿ, ನಾನು ನಿವೃತ್ತಿ ಆಗುವ ತನಕ ಮಿಷನ್ ಆಸ್ಪತ್ರೆಗಳಲ್ಲೇ ಇದ್ದವಳು. ನನ್ನ ಜೊತೆ ಕಲಿತವರು ಕುವೈತ್, ಮಸ್ಕತ್ ಅಂತ ಹೋದರು, ಊರಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿದರು. ಅವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಅವರ ದುಡ್ಡಲ್ಲಿ ಎಷ್ಟೋ ತಂಗಿಯರ ಮದುವೆ ಆಗಿದೆ, ತಮ್ಮಂದಿರು ಓದಿದ್ದಾರೆ. ನಾನು ಯಾಕೆ ಉಳಿದೆ ಅಂತ ಹೇಳುತ್ತೇನೆ, ನಿನಗೆ ಉಪಯೋಗ ಆಗಬಹುದು.

ನನಗೆ ಕಲಿಸಿದ ಸಿಸ್ಟರ್ ಒಬ್ಬರು ಗರ್ಭಿಣಿಯ ಹೊಟ್ಟೆ ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಬಿಸಿನೀರಿನ ಬೇಸಿನ್‌ನಲ್ಲಿ ಕೈ ಇಟ್ಟು, ಒರೆಸಿ, ಆಮೇಲೆ ಬೆಡ್ ಹತ್ತಿರ ಬರುತ್ತಿದ್ದರು. ತಣ್ಣನೆ ಕೈ ಇಟ್ಟರೆ ಹೊಟ್ಟೆ ಬಿಗಿಯುತ್ತದೆ, ಮಗುವಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆ ಅಂತ ತಿಳಿಯುವುದಿಲ್ಲ. ಅದು ಪುಸ್ತಕದಲ್ಲಿ ಒಂದು ಸಾಲು. ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ವಾರ್ಡಿನಲ್ಲಿ ಮಾಡುವವರು ಕಡಿಮೆ. ಅವರು ಮಾಡುವುದನ್ನು ನೋಡಿ ನಾವು ಮಾಡಿದೆವು, ನಮ್ಮನ್ನು ನೋಡಿ ಮುಂದಿನ ಬ್ಯಾಚ್. ಮರದ ಫೀಟೋಸ್ಕೋಪ್ ಇಟ್ಟು ಕಿವಿ ಒತ್ತಿ ಎದೆಬಡಿತ ಎಣಿಸುವುದೂ ಹಾಗೇ. ಕರೆಂಟ್ ಹೋಗಿ ಮಾನಿಟರ್ ನಿಂತ ರಾತ್ರಿ, ನಾನು ಕಲಿಸಿದ ಹುಡುಗಿಯೊಬ್ಬಳು ಆ ಕೊಳವೆಯಿಂದಲೇ ಬಡಿತ ಇಳಿಯುತ್ತಿದೆ ಅಂತ ಹಿಡಿದಳು. ಡಾಕ್ಟರನ್ನು ಎಬ್ಬಿಸಿಕೊಂಡು ಬಂದಳು. ಆಪರೇಷನ್ ಆಯ್ತು, ತಾಯಿ ಮಗು ಇಬ್ಬರೂ ಉಳಿದರು. ಆ ಹುಡುಗಿ ಎರಡನೇ ವರ್ಷದ ವಿದ್ಯಾರ್ಥಿನಿ. ಆವತ್ತು ನನಗೆ ನಾನು ಎಲ್ಲಿರಬೇಕು ಅಂತ ಸ್ಪಷ್ಟವಾಯಿತು.

ಕರೆ ಅಂದರೆ ಆಕಾಶದಿಂದ ದನಿ ಬರಬೇಕು ಅಂತಿಲ್ಲ. ನಿನ್ನ ಕೈಗೆ ಗೊತ್ತಿರುವ ಕೆಲಸ, ಅದು ಬೇಕಾದ ಜನ, ಅದನ್ನು ಮಾಡುವಾಗ ನಿನ್ನ ಪ್ರಾರ್ಥನೆ ಹಗುರಾಗುವುದು. ಈ ಮೂರೂ ಒಂದೇ ಕಡೆ ಇದ್ದರೆ ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡು.

ಹ್ಯಾಂಬರ್ಗ್ ಕನ್ನಡತಿ:
ನಾನು ಜರ್ಮನಿಯಲ್ಲೇ ನರ್ಸ್. ಎರಡು ಮಾತು ಹೇಳಬೇಕು.

ಒಂದು, ಇಲ್ಲಿಗೆ ಬಂದವರೆಲ್ಲ ದೇಮ ಅಲ್ಲ. ನನ್ನ ವಾರ್ಡಿನಲ್ಲಿ ಎಂಬತ್ತು ತೊಂಬತ್ತು ವಯಸ್ಸಿನವರು ಇದ್ದಾರೆ, ಎಷ್ಟೋ ಜನರನ್ನು ನೋಡಲು ವಾರಗಟ್ಟಲೆ ಯಾರೂ ಬರುವುದಿಲ್ಲ. ಕೊನೆಯ ರಾತ್ರಿ ಅವರ ಕೈ ಹಿಡಿದು ಕೂತವಳು ನಾನು. ಅಲ್ಲಿ ಪ್ರಾರ್ಥನೆ ಮಾಡುತ್ತೇನೆ. ಇದು ನನಗೆ ಸಿಕ್ಕ ಕರೆ ಅಂತ ನಾನು ನಂಬುತ್ತೇನೆ. ಸಂಬಳ ಜಾಸ್ತಿ ಇದ್ದ ಕಡೆ ದೇವರು ಕರೆಯುವುದಿಲ್ಲ ಅಂತ ಎಲ್ಲಿ ಬರೆದಿದೆ?

ಎರಡು, ಬರುವವರಿಗೆ ಏಜೆನ್ಸಿಯವರು ಹೇಳದ ವಿಷಯ. ನಮ್ಮ ಡಿಗ್ರಿಗೆ ಇಲ್ಲಿ ಮಾನ್ಯತೆ ಸಿಗುವ ತನಕ ಸಹಾಯಕಿಯಾಗಿ ಕೆಲಸ, ಸಂಬಳವೂ ಅಷ್ಟೇ. ಮಾನ್ಯತೆಗೆ ಪರೀಕ್ಷೆ ಅಥವಾ ತರಬೇತಿ ಇರುತ್ತದೆ. ನಮ್ಮಲ್ಲಿ ರೋಗಿಯ ಮನೆಯವರು ಮಾಡುವ ಸ್ನಾನ, ಊಟ, ಬಟ್ಟೆ ಬದಲಿಸುವುದು ಎಲ್ಲ ಇಲ್ಲಿ ನರ್ಸ್ ಕೆಲಸ. ಹೆರಿಗೆ ಕೆಲಸ ಇಲ್ಲಿ ನರ್ಸ್‌ಗೆ ಸಿಗುವುದಿಲ್ಲ, ಅದಕ್ಕೆ ಬೇರೆಯೇ ಓದು ಓದಿದ ಸೂಲಗಿತ್ತಿಯರು ಇದ್ದಾರೆ. ರಾತ್ರಿಪಾಳಿ, ನಿಮ್ಮ ಕೈ ಹೆರಿಗೆ ವಾರ್ಡಿನಲ್ಲಿ ಪಳಗಿದ್ದರೆ ಈ ವಿಷಯ ಮೊದಲೇ ಕೇಳಿಕೊಳ್ಳಿ.

ರಾತ್ರಿಪಾಳಿ:
@ಹ್ಯಾಂಬರ್ಗ್ ಕನ್ನಡತಿ ಅಕ್ಕಾ, ಹೆರಿಗೆ ವಿಷಯ ಯಾರೂ ಹೇಳಿರಲಿಲ್ಲ. ಆಫರ್ ಲೆಟರಿನಲ್ಲಿ ಜನರಲ್ ವಾರ್ಡ್ ಅಂತ ಇದೆ, ಆಮೇಲೆ ಬದಲಾಯಿಸಬಹುದು ಅಂತ ಏಜೆಂಟ್ ಹೇಳಿದ್ದ. ಥ್ಯಾಂಕ್ಸ್. @ಮಾಜಿ ಮೇಟ್ರನ್ ಅಮ್ಮಾ, ನಿಮ್ಮ ಪೋಸ್ಟನ್ನು ನಮ್ಮ ಅಮ್ಮನಿಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಆದರೆ ಇನ್ನೊಂದು ಸಲ ಓದು ಅಂದರು.

ದಂಡೆ ಮೇಲಿನವಳು:
ಇಲ್ಲಿ ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. "ಲೋಕದ ಆಸೆ ಬಿಡು" ಅಂತ ನಾವು ಯಾರಿಗೆ ಹೇಳುತ್ತಿದ್ದೇವೆ? ನಮ್ಮ ಮನೆ ದಲಿತ ಕ್ರೈಸ್ತರ ಮನೆ. ನನ್ನ ಅಜ್ಜಿ ಹೊಲದಲ್ಲಿ ಕೂಲಿ. ಅಮ್ಮ ಅಂಗನವಾಡಿ ಸಹಾಯಕಿ. ನಾನು ಓದಿ ಕೆಲಸಕ್ಕೆ ಸೇರಿದ್ದು ನಮ್ಮ ವಂಶದಲ್ಲೇ ಮೊದಲು. 1950ರ ರಾಷ್ಟ್ರಪತಿ ಆದೇಶದಿಂದ ನಮಗೆ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಜಾಗ ಇಲ್ಲ. ಸಭೆಯಲ್ಲಿ ನೋಡಿದರೆ, ತ್ಯಾಗದ ಪ್ರಸಂಗ ಮಾಡುವ ದೊಡ್ಡವರ ಮಕ್ಕಳು ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಲ್ಲಿ ಇರುತ್ತಾರೆ. 18,000 ಸಂಬಳದ ಹುಡುಗಿಗೆ ಮಾತ್ರ ಕರೆ ಬರುತ್ತದೆ, ಅಲ್ವಾ?

ನನಗೆ ಕರೆಯಲ್ಲಿ ನಂಬಿಕೆ ಇದೆ. ಅದಕ್ಕೇ ಕೋಪ ಬರುತ್ತದೆ. ಈ ತಂಗಿಗೆ ಉಳಿ ಅಂತ ದೇವರು ಹೇಳಿದ್ದರೆ, ಅವಳಿಗೆ ಬದುಕುವಷ್ಟು ಸಂಬಳ ಕೊಡಿ ಅಂತ ಆಸ್ಪತ್ರೆ ನಡೆಸುವವರಿಗೂ ದೇವರು ಹೇಳಿರಬೇಕು. ಅವರು ಕೇಳಿಸಿಕೊಂಡರಾ? ಕರೆ ಅವಳೊಬ್ಬಳಿಗಾ, ಕಮಿಟಿಗೆ ಇಲ್ವಾ? ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಐದು ಸಾವಿರ ಕೂಗುತ್ತಾರೆ. ಆಯಾಗಳ ಸಂಬಳಕ್ಕೆ ಐನೂರು ಏರಿಸಬೇಕು ಅಂದರೆ ಮೀಟಿಂಗ್ ಮೇಲೆ ಮೀಟಿಂಗ್.

ಕೊಡಗಿನ ಕಿತ್ತಳೆ:
ಹರಾಜಿನ ವಿಷಯಕ್ಕೆ ಬರಬೇಡಿ ಅಕ್ಕ, ಆ ದುಡ್ಡಲ್ಲೇ ನಮ್ಮ ಸಭೆಯ ಮಾಡು ರಿಪೇರಿ ಆಗಿದ್ದು. ನಮ್ಮಲ್ಲಿ ಹೋದ ವರ್ಷ ಒಂದು ಕಾಫಿ ಚೀಲಕ್ಕೆ ಅಣ್ಣ ತಮ್ಮ ಇಬ್ಬರೇ ಪೈಪೋಟಿ ಮಾಡಿ ಏರಿಸಿದರು.

ಜೋಳದ ರೊಟ್ಟಿ:
ನಮ್ಮ ಕಡೆ ಹರಾಜಿಗೆ ಹತ್ತಿ, ಜೋಳ, ಕೋಳಿ ಬರುತ್ತವೆ. ಹೋದ ಸಲ ಹುಂಜ ಬಿಚ್ಚಿಕೊಂಡು ಪುಲ್ಪಿಟ್ ಹತ್ತಿತ್ತು. ಸರಿ, ವಿಷಯಕ್ಕೆ ಬನ್ನಿ.

ಪ್ಯಾಸ್ಟರೇಟ್ ಕಮಿಟಿ:
@ದಂಡೆ ಮೇಲಿನವಳು, ನಾನು ಒಂದು ಸಭೆಯ ಕಮಿಟಿಯಲ್ಲಿದ್ದೇನೆ, ಮಿಷನ್ ಆಸ್ಪತ್ರೆಯೊಂದರ ಬೋರ್ಡಿನ ಕಷ್ಟವನ್ನೂ ಹತ್ತಿರದಿಂದ ನೋಡಿದ್ದೇನೆ. ಹೊರದೇಶದ ಮಿಷನ್ ಹಣ ಮೊದಲಿನ ಹಾಗೆ ಬರುವುದಿಲ್ಲ. ಅರ್ಧ ರೋಗಿಗಳಿಗೆ ಬಿಲ್ ಕಡಿಮೆ ಮಾಡಬೇಕು. ಆಕ್ಸಿಜನ್, ಡೀಸೆಲ್, ಔಷಧಿ ಎಲ್ಲ ದುಬಾರಿ. ಪಕ್ಕದಲ್ಲಿ ಹೊಸ ಖಾಸಗಿ ಆಸ್ಪತ್ರೆ ಬಂದರೆ ದುಡ್ಡಿರುವ ರೋಗಿಗಳು ಅಲ್ಲಿಗೆ ಹೋಗುತ್ತಾರೆ. ಸಂಬಳ ಏರಿಸಬಾರದು ಅಂತ ಯಾರಿಗೂ ಆಸೆ ಇಲ್ಲ.

ದಂಡೆ ಮೇಲಿನವಳು:
ಆಸೆ ಇಲ್ಲ ಅಂದರೆ ಸಾಲದು ಸರ್. ಲೂಕ 14ರಲ್ಲಿ ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕ ಹಾಕಲಿ ಅಂತ ಯೇಸು ಹೇಳಿದ್ದು. ಆ ಲೆಕ್ಕವನ್ನು ನೌಕರರ ಮುಂದೆ ಇಡಿ. ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಯಾರು ಎಷ್ಟು ಬಿಟ್ಟುಕೊಡುತ್ತಿದ್ದಾರೆ ಅಂತ ಗೊತ್ತಾದರೆ ತ್ಯಾಗ ಮಾಡಲು ಜನ ಸಿಗುತ್ತಾರೆ. ಅದನ್ನು ಮುಚ್ಚಿಟ್ಟು ತ್ಯಾಗ ಕೇಳಿದರೆ ಹೇಗೆ ಸಿಗುತ್ತಾರೆ?

ಪ್ಯಾಸ್ಟರೇಟ್ ಕಮಿಟಿ:
ಲೆಕ್ಕ ಮುಂದಿಡಬೇಕು ಅನ್ನುವುದನ್ನು ಒಪ್ಪುತ್ತೇನೆ. ಪೂರ್ತಿ ಒಪ್ಪುತ್ತೇನೆ.

ಬಲ್ಮಠ ಬಸ್‌ಸ್ಟಾಪ್:
ಇತಿಹಾಸದ ಕಡೆಯಿಂದ ನನ್ನದೊಂದಿಷ್ಟು. ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಜರ್ಮನಿಯಿಂದ ಇಲ್ಲಿಗೆ ಬಂದವರ ಕಥೆಯೂ ಈ ಚರ್ಚೆಗೆ ಬೇಕು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮಿಷನ್ ಸ್ವಿಟ್ಜರ್ಲೆಂಡಿನದು, ಬಂದವರಲ್ಲಿ ಹೆಚ್ಚಿನವರು ಜರ್ಮನರು. ಹೆರ್ಮನ್ ಮೋಗ್ಲಿಂಗ್ ಟ್ಯೂಬಿಂಗನ್ನಿನಲ್ಲಿ ದೇವಶಾಸ್ತ್ರ ಓದಿದ ಮನುಷ್ಯ, ಊರಲ್ಲೇ ಒಳ್ಳೆಯ ಸಭೆಯಲ್ಲಿ ಪಾಸ್ಟರ್ ಆಗಿ ನೆಮ್ಮದಿಯಾಗಿ ಇರಬಹುದಿತ್ತು. ಇಲ್ಲಿಗೆ ಬಂದು 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದರು, ಕನ್ನಡದ ಮೊದಲ ಪತ್ರಿಕೆ ಅದು. ಕಿಟೆಲ್ 1853ರಲ್ಲಿ ಬಂದರು. ಬಂದದ್ದು ಸುವಾರ್ತೆ ಸಾರಲು, ಮಾಡಿದ್ದು ಅದರ ಜೊತೆಗೆ ಇನ್ನೊಂದು ದೊಡ್ಡ ಕೆಲಸ. ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಬಂತು. ಒಂದು ನಿಘಂಟಿಗೆ ಅಷ್ಟು ವರ್ಷ ಕೊಡುವುದು ಹೆಸರಿನ ಆಸೆಯಿಂದ ಆಗುವ ಕೆಲಸ ಅಲ್ಲ.

ಆದರೆ ಮಿಷನ್ನಿನವರು ಬರೀ "ಬಿಟ್ಟು ಬಾ" ಅಂತ ಹೇಳಿ ಕೂರಲಿಲ್ಲ, ಇದನ್ನು ಕಮಿಟಿಯವರು ಗಮನಿಸಬೇಕು. ಕ್ರೈಸ್ತರಾದವರನ್ನು ಜಾತಿಯವರು, ಮನೆಯವರು ಹೊರಗೆ ಹಾಕಿದರು. ಕೆಲಸ ಹೋಯಿತು, ಜಾಗ ಹೋಯಿತು. ಅವರಿಗೆ ಊಟಕ್ಕೆ ದಾರಿ ಬೇಕಿತ್ತು. ಅದಕ್ಕೇ ನೇಯ್ಗೆ, ಪ್ರೆಸ್ಸು, 1865ರಲ್ಲಿ ಮಿಷನರಿ ಪ್ಲೆಬ್ಸ್ಟ್ ಶುರು ಮಾಡಿದ ಹಂಚಿನ ಕಾರ್ಖಾನೆ. ಕರೆಗೆ ಓಗೊಟ್ಟವರಿಗೆ ಕೆಲಸ ಹುಡುಕಿಕೊಡುವುದು ನಮ್ಮ ಜವಾಬ್ದಾರಿ ಅಂತ ಆವತ್ತಿನ ಮಿಷನ್ನಿಗೆ ಗೊತ್ತಿತ್ತು.

ಮಲ್ನಾಡ್ ಮಳೆ:
ನಮ್ಮ ಅಜ್ಜನ ಮನೆಯ ಮಾಡಿಗೆ ಈಗಲೂ ಬಾಸೆಲ್ ಮಿಷನ್ ಮುದ್ರೆಯ ಹಂಚು ಇದೆ. ಮಳೆಗಾಲದಲ್ಲಿ ಒಂದು ಹನಿ ಸೋರುವುದಿಲ್ಲ.

ಕಂಕನಾಡಿ:
ನಾನು ಕಥೋಲಿಕ, ಮಂಗಳೂರಿನವನು. ನಮ್ಮಲ್ಲಿ ಇದನ್ನು ದೈವಕರೆ ಅನ್ನುತ್ತೇವೆ. ಒಂದು ವಿಷಯ ಹೇಳುತ್ತೇನೆ ಮಾರಾಯ್ರೆ, ನಮ್ಮ ಸೆಮಿನರಿಗಳಲ್ಲಿ "ನನಗೆ ಕರೆ ಬಂದಿದೆ" ಅಂದವನನ್ನು ಮರುದಿನ ಫಾದರ್ ಮಾಡುವುದಿಲ್ಲ. ವರ್ಷಗಟ್ಟಲೆ ಓದು, ಮಧ್ಯೆ ಹೊರಗೆ ಕಳಿಸಿ ಕೆಲಸ ಮಾಡಿಸುತ್ತಾರೆ, ಪ್ರತಿ ಹಂತದಲ್ಲೂ ಕೇಳುತ್ತಾರೆ. ಗುರುದೀಕ್ಷೆಗೆ ಮೊದಲು ಊರಿನ ಚರ್ಚಿನಲ್ಲಿ ಹೆಸರು ಓದಿ, ಯಾರಿಗಾದರೂ ಆಕ್ಷೇಪ ಇದ್ದರೆ ತಿಳಿಸಿ ಅನ್ನುತ್ತಾರೆ. ಕರೆ ನಿಜವಾದರೆ ಕಾಯುವುದರಿಂದ ಸಾಯುವುದಿಲ್ಲ.

ಮದರ್ ತೆರೇಸಾ ಅವರನ್ನೇ ನೋಡಿ. ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಅವರಿಗೆ ಆ ಕರೆ ಬಂದದ್ದು 1946ರ ಸೆಪ್ಟೆಂಬರ್ 10. ಆಗಲೇ ಅವರು ಕಲ್ಕತ್ತದಲ್ಲಿ ಕಲಿಸುತ್ತಿದ್ದ ಸಿಸ್ಟರ್. ಕಾನ್ವೆಂಟ್ ಬಿಟ್ಟು ಹೊರಬಂದದ್ದು 1948ರಲ್ಲಿ. ಅಲ್ಲಿಯ ತನಕ ಆರ್ಚ್‌ಬಿಷಪ್ಪರ, ರೋಮಿನ ಅನುಮತಿಗೆ ಕಾದರು. ಹೊರಗೆ ಬಂದ ಮೇಲೂ ಮೊದಲು ಹೋದದ್ದು ಪಟ್ನಾಕ್ಕೆ, ಸಿಸ್ಟರ್‌ಗಳ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯಲು. ಕರೆ ಬಂತು ಅಂತ ಕಲಿಯುವುದನ್ನು ಬಿಡಲಿಲ್ಲ.

ನಮ್ಮ ಕಂಕನಾಡಿಯ ಫಾದರ್ ಮುಲ್ಲರ್ ಕಥೆಯೂ ಹಾಗೇ. 1878ರ ಡಿಸೆಂಬರ್ 31ಕ್ಕೆ ಬಂದಿಳಿದ ಜೆಸ್ವಿಟ್ ಸಂಘದವರ ಗುಂಪಿನಲ್ಲಿ ಅವರೂ ಇದ್ದರು. ಕಾಲೇಜಿನಲ್ಲಿ ಪಾಠ ಮಾಡುವುದು ಅವರ ಕೆಲಸ. 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ಮಾಡಿದರು. ಇದ್ದ ಕೆಲಸದ ಒಳಗಿಂದಲೇ ಮುಂದಿನ ಕೆಲಸ ಬೆಳೆಯಿತು.

ಸಂಡೇಸ್ಕೂಲ್ ಟೀಚರ್:
ಅಂತಿಯೋಕ್ಯದ ಸಭೆಯಲ್ಲೂ ಹೀಗೇ ಅಲ್ವಾ ಆದದ್ದು. ಬಾರ್ನಬ, ಸೌಲರನ್ನು (ಈ ಸೌಲನೇ ಪೌಲ) ಸುವಾರ್ತೆ ಸಾರಲು ಕಳಿಸುವಾಗ ಇಡೀ ಸಭೆ ಉಪವಾಸ ಇದ್ದು, ಪ್ರಾರ್ಥಿಸಿ, ಕೈಯಿಟ್ಟು ಕಳಿಸಿತು. ರಾತ್ರಿಪಾಳಿ, ನಿಮ್ಮ ಸಭಾಪಾಲಕರ ಹತ್ತಿರ, ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ ಹೇಳಿದ್ದೀಯಾ? ಒಬ್ಬಳೇ ತೂಗಬೇಡ.

ಹೆಸರು ಬೇಡ:
ನಾನು ಎಚ್ಚರಿಕೆಯ ಮಾತು ಹೇಳಲೇಬೇಕು. ನಮ್ಮ ಮಾವ ಬ್ಯಾಂಕಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದರು. ಒಂದು ಕೂಟದಲ್ಲಿ ಒಬ್ಬ ಪ್ರಸಂಗಿ ತಲೆ ಮೇಲೆ ಕೈಯಿಟ್ಟು "ದೇವರು ನಿನ್ನನ್ನು ಫುಲ್ ಟೈಮ್ ಸೇವೆಗೆ ಕರೆಯುತ್ತಿದ್ದಾನೆ, ಇವತ್ತೇ ಬಿಡು" ಅಂದರು. ಅತ್ತೆಯನ್ನು ಒಂದು ಮಾತೂ ಕೇಳದೆ ರಾಜೀನಾಮೆ ಕೊಟ್ಟರು. ಆ ಪ್ರಸಂಗಿ ಆಮೇಲೆ ಫೋನ್ ತೆಗೆಯಲಿಲ್ಲ. ಮಕ್ಕಳ ಶಾಲೆ ಫೀಸು ಅತ್ತೆ ಹೊಲಿಗೆ ಹಾಕಿ ಕಟ್ಟಿದರು. ಮಾರ್ಕ 7ರಲ್ಲಿ ಕೊರ್ಬಾನ್, ಅಂದರೆ ಇದು ದೇವರಿಗೆ ಮೀಸಲು, ಅಂತ ಹೇಳಿ ತಂದೆತಾಯಿಯನ್ನು ನೋಡಿಕೊಳ್ಳದವರ ಬಗ್ಗೆ ಯೇಸು ಎಷ್ಟು ಗಟ್ಟಿಯಾಗಿ ಮಾತಾಡಿದ್ದಾನೆ. ಬೇರೆಯವರ ಬಾಯಿಂದ ಬಂದ "ದೇವರು ನಿನಗೆ ಹೇಳಿದ" ಅನ್ನುವ ಮಾತನ್ನು ದಯವಿಟ್ಟು ಪರೀಕ್ಷಿಸಿ.

ಲೂಕ ಒಂಬತ್ತು:
@ಹೆಸರು ಬೇಡ, ನಿಮ್ಮ ಅತ್ತೆಗಾದ ನೋವು ಓದಿ ಸಂಕಟ ಆಯ್ತು. ಅಂಥ ಪ್ರಸಂಗಿಗಳನ್ನು ನಾನೂ ವಿರೋಧಿಸುತ್ತೇನೆ. ಆದರೆ ಸುಳ್ಳು ಕರೆ ಇದೆ ಅಂತ ನಿಜವಾದ ಕರೆಯನ್ನೇ ಬದಿಗಿಡುವುದು ಸರಿಯಲ್ಲ. ಈ ತಂಗಿಗೆ ಯಾರೂ ತಲೆ ಮೇಲೆ ಕೈಯಿಟ್ಟು ಹೇಳಿಲ್ಲ. ಪ್ರಾರ್ಥನೆಯಲ್ಲಿ ಬಂದದ್ದು, ಮತ್ತೆ ಮತ್ತೆ ಬಂದದ್ದು. ಹುಡುಗ ಸಮುವೇಲನಿಗೂ ಹಾಗೇ ಬಂತು, ಯಾಜಕ ಏಲಿಯ ಹತ್ತಿರ ಓಡಿ ಓಡಿ ಹೋಗಿ ಕೇಳಿದ ಮೇಲೆ ಯಾರು ಕರೆಯುತ್ತಿದ್ದಾರೆ ಅಂತ ತಿಳಿಯಿತು.

ಮಾಜಿ ಮೇಟ್ರನ್:
ಐಡಾ ಸ್ಕಡರ್ ನೆನಪಾದರು. ಮಿಷನರಿ ಡಾಕ್ಟರ್ ಮಗಳು, ತನಗೆ ಮಿಷನರಿ ಬದುಕು ಬೇಡವೇ ಬೇಡ ಅಂತ ಅಮೆರಿಕಕ್ಕೆ ಹೋದವರು. ತಾಯಿಗೆ ಹುಷಾರಿಲ್ಲ ಅಂತ ತಿಂಡಿವನಂಗೆ ಬಂದಿದ್ದಾಗ, ಒಂದೇ ರಾತ್ರಿ ಮೂವರು ಗಂಡಸರು ಬಂದು ಹೆರಿಗೆಯಲ್ಲಿ ಒದ್ದಾಡುತ್ತಿರುವ ಹೆಂಡತಿಯನ್ನು ಉಳಿಸಿ ಅಂತ ಬೇಡಿದರು. ಗಂಡಸು ಡಾಕ್ಟರ್ ಮುಟ್ಟುವಂತಿಲ್ಲ, ಈ ಹುಡುಗಿಗೆ ವೈದ್ಯ ಗೊತ್ತಿಲ್ಲ. ಬೆಳಗಾಗುವಷ್ಟರಲ್ಲಿ ಮೂವರೂ ಹೆಂಗಸರು ಸತ್ತಿದ್ದರು. ಐಡಾ ವಾಪಸ್ ಹೋಗಿ ಡಾಕ್ಟರ್ ಓದಿ 1899ರಲ್ಲಿ ಕಾರ್ನೆಲ್‌ನಿಂದ ಪದವಿ ಪಡೆದರು, ವೆಲ್ಲೂರಿಗೆ ಬಂದರು. ನಮ್ಮವರು ಈ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ದೊಡ್ಡದು ಅನಿಸುವುದು ಮುಂದಿನದು. ತಾನೊಬ್ಬಳೇ ಡಾಕ್ಟರ್ ಆದರೆ ಸಾಲದು ಅಂತ 1909ರಲ್ಲಿ ನರ್ಸಿಂಗ್ ಸ್ಕೂಲ್, 1918ರಲ್ಲಿ ಹೆಂಗಸರಿಗೆ ವೈದ್ಯಶಾಲೆ ಶುರು ಮಾಡಿದರು. ಕಲಿಸುವುದೇ ಅವರ ಕರೆಯ ಜೀವಾಳ ಆಯ್ತು.

ಜೋಳದ ರೊಟ್ಟಿ:
ಇನ್ನೊಂದು ವಚನ ಯಾರೂ ಹೇಳಲಿಲ್ಲ, ಯೆರೆಮೀಯ 45. ಐದೇ ಸಾಲಿನ ಅಧ್ಯಾಯ. ಬಾರೂಕ ಅನ್ನುವ ಬರಹಗಾರ ದಣಿದು ನಿಟ್ಟುಸಿರು ಬಿಡುತ್ತಾನೆ. ದೇವರು ಅವನಿಗೆ, ನಿನಗೋಸ್ಕರ ದೊಡ್ಡದೊಡ್ಡದನ್ನು ಹುಡುಕಬೇಡ ಅನ್ನುತ್ತಾನೆ. ಜೊತೆಗೇ, ನೀನು ಎಲ್ಲಿಗೆ ಹೋದರೂ ನಿನ್ನ ಪ್ರಾಣ ಉಳಿಸುತ್ತೇನೆ ಅಂತ ಮಾತೂ ಕೊಡುತ್ತಾನೆ. ಬೈಗುಳ ಅಷ್ಟೇ ಇದ್ದಿದ್ದರೆ ಬಾರೂಕ ಲೇಖನಿ ಕೆಳಗಿಡುತ್ತಿದ್ದನೇನೋ.

ಹ್ಯಾಂಬರ್ಗ್ ಕನ್ನಡತಿ:
ಮಾರ್ಕ 5ನ್ನೂ ಸೇರಿಸಿ. ದೆವ್ವ ಬಿಟ್ಟ ಮನುಷ್ಯ ಯೇಸುವಿನ ಜೊತೆ ದೋಣಿ ಹತ್ತಲು ಬೇಡಿಕೊಂಡ. ಯೇಸು ಬೇಡ ಅಂದು ಮನೆಗೆ, ನಿನ್ನವರ ಹತ್ತಿರ ಹೋಗು ಅಂದ. ಕೆಲವರಿಗೆ ದೋಣಿ, ಕೆಲವರಿಗೆ ಮನೆ. ಅದಕ್ಕೇ ನಾನು ಯಾರಿಗೂ ಬಾ ಅಂತಲೂ ಹೇಳುವುದಿಲ್ಲ, ಬರಬೇಡ ಅಂತಲೂ ಹೇಳುವುದಿಲ್ಲ.

ಲೆಕ್ಕಪತ್ರ:
ನಾನು ಸಹಕಾರಿ ಬ್ಯಾಂಕಿನಲ್ಲಿದ್ದೇನೆ. ವಚನ ಎಲ್ಲರೂ ಕೊಟ್ಟಿದ್ದೀರಿ, ನಾನು ಸಾಲದ ಮಾತಾಡುತ್ತೇನೆ. ರಾತ್ರಿಪಾಳಿ, ಓದಿನ ಸಾಲದ ಅವಧಿ ಹೆಚ್ಚಿಸಿ ಇಎಂಐ ಕಡಿಮೆ ಮಾಡಿಸಲು ಬ್ಯಾಂಕಿಗೆ ಬರೆದು ಕೇಳಬಹುದು. ಒಟ್ಟು ಬಡ್ಡಿ ಜಾಸ್ತಿ ಆಗುತ್ತದೆ, ಆದರೆ ತಿಂಗಳ ಭಾರ ಇಳಿಯುತ್ತದೆ. ಕಂತು ತಪ್ಪುವ ಮೊದಲೇ ಹೋಗಿ ಕೇಳಿ, ತಪ್ಪಿದ ಮೇಲೆ ಕೇಳಿದರೆ ಕಷ್ಟ. ತಮ್ಮನಿಗೆ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಸಿಗುತ್ತದಾ ಅಂತ ಕಾಲೇಜಿನಲ್ಲೇ ವಿಚಾರಿಸಿ. ಟ್ಯೂಟರ್ ಆಗುವುದಾದರೆ ಸಂಬಳ, ಇನ್‌ಕ್ರಿಮೆಂಟ್, ಪಿಎಫ್, ರಜೆ ಎಲ್ಲ ಆರ್ಡರಿನಲ್ಲಿ ಬರೆಸಿಕೊಳ್ಳಿ. ದೇವರ ಕೆಲಸ ಅಂತ ಬಾಯಿಮಾತಿನಲ್ಲಿ ಬಿಡಬೇಡಿ.

ಲೂಕ ಒಂಬತ್ತು:
ಇದು ಬಹಳ ಒಳ್ಳೆಯ ಸಲಹೆ. ಬರೆಸಿಕೊಳ್ಳುವುದು ಅಪನಂಬಿಕೆ ಅಲ್ಲ.

ರಾತ್ರಿಪಾಳಿ:
ಎಲ್ಲರ ಮಾತನ್ನೂ ಓದಿದೆ. ಸಭಾಪಾಲಕ ಅಯ್ಯನವರ ಹತ್ತಿರ ಹೋಗಿ ಮಾತಾಡಿದೆ. ಅವರು "ಇರು" ಅಂತಲೂ ಹೇಳಲಿಲ್ಲ, "ಹೋಗು" ಅಂತಲೂ ಹೇಳಲಿಲ್ಲ. ನನ್ನ ಅಪ್ಪ ಅಮ್ಮ, ತಮ್ಮ, ಮೇಡಂ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಪ್ರಾರ್ಥಿಸೋಣ ಅಂದರು. ನಮ್ಮ ಮನೆಯಲ್ಲೇ ಸೇರಿದೆವು. ತಮ್ಮ ಎಲ್ಲರ ಮುಂದೆ, ಅಕ್ಕ ನನಗೋಸ್ಕರ ಹೋಗುವುದು ಬೇಡ, ಕೊನೆಯ ವರ್ಷದ ಫೀಸಿಗೆ ನಾನು ರಜೆಯಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತೇನೆ ಅಂದ. ಅಪ್ಪ ಕಣ್ಣೊರೆಸಿಕೊಂಡರು. ಅಮ್ಮನಿಗೆ ಇನ್ನೂ ಪೂರ್ತಿ ಮನಸ್ಸಿಲ್ಲ, ಅದನ್ನು ಅವರು ಮುಚ್ಚಿಡಲೂ ಇಲ್ಲ.

ಮೇಡಂ ಹತ್ತಿರ @ದಂಡೆ ಮೇಲಿನವಳು ಅಕ್ಕ ಹೇಳಿದ ಮಾತನ್ನೇ ಕೇಳಿದೆ, ಆಸ್ಪತ್ರೆಯ ಲೆಕ್ಕ ನಮಗೆ ತೋರಿಸಿ ಅಂತ. ಸ್ವಲ್ಪ ಸುಮ್ಮನಿದ್ದು, ಬೋರ್ಡ್ ಮುಂದೆ ಇಡುತ್ತೇನೆ, ಟ್ಯೂಟರ್ ಸಂಬಳ ಬೇರೆ ಸ್ಕೇಲಿನಲ್ಲಿ ಮಾಡಿಸುತ್ತೇನೆ ಅಂದರು. ಬರೆದು ಕೊಟ್ಟ ಮೇಲೆ ಸಹಿ ಹಾಕುತ್ತೇನೆ ಅಂತ ಹೇಳಿದ್ದೇನೆ. ಎಂಎಸ್ಸಿಗೆ ರಜೆಯ ವಿಷಯವನ್ನೂ ಸೇರಿಸಿ ಅಂದಿದ್ದೇನೆ.

ನಾನು ಉಳಿಯುತ್ತೇನೆ. ಇದನ್ನು ಟೈಪ್ ಮಾಡುವಾಗ ಕೈ ನಡುಗುತ್ತಿದೆ, ಆದರೆ ಒಳಗೆ ನೆಮ್ಮದಿ ಇದೆ. ಜರ್ಮನಿಯ ಆಸ್ಪತ್ರೆಗೆ ಈ ವಾರ ಬರೆಯಬೇಕು.

ದಂಡೆ ಮೇಲಿನವಳು:
ದೇವರು ಒಳ್ಳೆಯದು ಮಾಡಲಿ ತಂಗಿ. ಬೋರ್ಡಿನವರು ಏನಂದರು ಅಂತ ಇಲ್ಲಿ ಬಂದು ಹೇಳಬೇಕು. ಹೇಳದಿದ್ದರೆ ನಾನೇ ಕೇಳುತ್ತೇನೆ.

ಹ್ಯಾಂಬರ್ಗ್ ಕನ್ನಡತಿ:
ಅವರಿಗೆ ಬರೆಯುವ ಪತ್ರ ಮರ್ಯಾದೆಯಾಗಿ, ಚಿಕ್ಕದಾಗಿ ಇರಲಿ. ಮೆಸೇಜ್ ಮಾಡಿ, ನಾನು ತಿದ್ದಿ ಕೊಡುತ್ತೇನೆ. ಏಜೆನ್ಸಿ ಜೊತೆ ಏನಾದರೂ ಕಾಗದಕ್ಕೆ ಸಹಿ ಹಾಕಿದ್ದರೆ ಅದನ್ನು ಮೊದಲು ಓದಿ, ಹಿಂದೆ ಸರಿದರೆ ದುಡ್ಡು ಕೇಳುವ ಷರತ್ತು ಕೆಲವರು ಹಾಕಿರುತ್ತಾರೆ. ಬಿ2 ಸರ್ಟಿಫಿಕೇಟ್ ಜೋಪಾನವಾಗಿ ಇಡಿ.

ಮಾಜಿ ಮೇಟ್ರನ್:
ಮಗಾ, ಮೊದಲ ವಾರವೇ ಬೋರ್ಡ್ ಮೇಲೆ ಬರೆಯಲು ಶುರು ಮಾಡಬೇಡ. ಹುಡುಗಿಯರನ್ನು ವಾರ್ಡಿಗೆ ಕರೆದುಕೊಂಡು ಹೋಗು, ಬೆಡ್ ಹಾಕಲು, ಕೈ ತೊಳೆಯಲು, ರೋಗಿಯ ಹೆಸರು ಕೇಳಿ ಮಾತಾಡಲು ಕಲಿಸು. ನನ್ನ ಹಳೆಯ ನೋಟ್ಸ್ ಇವೆ, ಕನ್ನಡದಲ್ಲಿ ಬರೆದದ್ದು. ಕೊರಿಯರ್ ಮಾಡುತ್ತೇನೆ.

ಮಲ್ನಾಡ್ ಮಳೆ:
ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ, ನಿಮ್ಮ ಅಮ್ಮನ ಪಕ್ಷ ನಾನು. ಆದರೆ ಮನೆಯವರ ಮುಂದೆ ಕೂತು ತೀರ್ಮಾನ ಮಾಡಿದ್ದೀರಿ, ಅದಕ್ಕೆ ಗೌರವ ಇದೆ. ತಮ್ಮನ ಡಿಪ್ಲೊಮಾ ಯಾವುದು, ಮೆಕ್ಯಾನಿಕಲ್ಲಾ? ನನ್ನ ಪರಿಚಯದವರ ವರ್ಕ್‌ಶಾಪ್ ಹುಬ್ಬಳ್ಳಿಯಲ್ಲಿದೆ. ರಜೆಯಲ್ಲಿ ಕಲಿಯುವ ಹುಡುಗರನ್ನು ತಗೊಳ್ಳುತ್ತಾರೆ, ದಿನಗೂಲಿಯೂ ಕೊಡುತ್ತಾರೆ. ಬೇಕಿದ್ದರೆ ಹೇಳಿ.

ರಾತ್ರಿಪಾಳಿ:
ಮೆಕ್ಯಾನಿಕಲ್ಲೇ ಅಣ್ಣ. ಅವನಿಗೆ ಹೇಳಿ ನಿಮಗೆ ಮೆಸೇಜ್ ಮಾಡಿಸುತ್ತೇನೆ.